ಅವರೆಯ ಬೇರು ನೋಡುವವರು

ಸರ್ಜಾಪುರ, ಆನೇಕಲ್ ಕಡೆಯ ಕೆಮ್ಮಣ್ಣಿನ ಹೊಲದಲ್ಲಿ ಅವರೆ ಹೂ ಬಿಟ್ಟಿತೆಂದರೆ ಸೊಗಡಿನ ಕಾಯಿಗೆ ಕಾಯುವವರು ಬಹಳ ಮಂದಿ. ಬೇರು ನೋಡಲು ಕಾಯುವವರೂ ಇದ್ದಾರೆ. ಅವರ ಸಾಮಾನೆಂದರೆ ಸಲಿಕೆ, ಒಂದು ಬಕೆಟ್ ನೀರು, ಒಂದು ಬ್ಲೇಡು. ಗಿಡವನ್ನು ಜಗ್ಗಿ ಕಿತ್ತರೆ ಬೇರುಗಂಟುಗಳು ಮಣ್ಣಲ್ಲೇ ಉದುರಿಹೋಗುತ್ತವೆ. ಸುತ್ತ ಅಗೆದು, ಮಣ್ಣುಹೆಂಟೆಯ ಸಮೇತ ಎತ್ತಿ, ನೀರಿನಲ್ಲಿ ಅದು ತಾನಾಗಿ ಕರಗುವ ತನಕ ತಾಳಬೇಕು. ಆಮೇಲೆ ಒಂದು ಗಂಟು ಸೀಳಿ, ಒಳಗೆ ಗುಲಾಬಿಗೆಂಪು ಕಂಡರೆ ಆ ದಿನ ಸಾರ್ಥಕ.

ಆ ಕೆಂಪು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಕೆಂಪಿಗೆ ಹತ್ತಿರದ ನೆಂಟ. ಗಂಟಿನೊಳಗಿನ ರೈಜೋಬಿಯಂಗೆ ಉಸಿರಾಡಲು ಆಮ್ಲಜನಕ ಬೇಕು; ಗಾಳಿಯ ಸಾರಜನಕ ಹಿಡಿಯುವ ಕಿಣ್ವವೋ ಆಮ್ಲಜನಕ ಹೆಚ್ಚಾದರೆ ಕೆಡುತ್ತದೆ. ಎರಡಕ್ಕೂ ಹೊಂದುವಂತೆ ಅಳೆದು ಕೊಡುವುದು ಈ ಕೆಂಪಿನ ಕೆಲಸ. ಗಂಟು ಒಳಗೆ ಬೆಳ್ಳಗಿದ್ದರೆ ಕೆಲಸ ಶುರುವಾಗಿಲ್ಲ, ಹಸಿರಾಗಿದ್ದರೆ ಮುಗಿದಿದೆ. ಆಗ ಮಣ್ಣನ್ನು ಕೇಳಬೇಕು. ಹುಳಿಮಣ್ಣಿನಲ್ಲಿ ರಂಜಕ, ಮಾಲಿಬ್ಡಿನಂ ಗಿಡಕ್ಕೆ ದಕ್ಕುವುದು ಕಡಿಮೆ, ಸುಣ್ಣ ಬೇಕಾಗುತ್ತದೆ. ಯೂರಿಯಾ ಅತಿಯಾದರೂ ಗಂಟು ಸರಿಯಾಗಿ ಕಟ್ಟುವುದಿಲ್ಲ.

ಈ ಕುತೂಹಲಕ್ಕೆ ಬೆಂಗಳೂರಿನಲ್ಲಿ ಹಳೆಯ ಬೇರುಗಳಿವೆ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಪ್ರಯೋಗಕ್ಕೆಂದು 30 ಎಕರೆ ಕೊಟ್ಟರು. ಮಣ್ಣಿಗೂ ಬೆಳೆಗೂ ಇರುವ ಸಂಬಂಧವನ್ನು ವಿಜ್ಞಾನಿ ಲೆಹ್ಮನ್ ಪರೀಕ್ಷಿಸತೊಡಗಿದರು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು. ನಾಟಿ ಅವರೆ ಹಗಲು ಕಿರಿದಾದಾಗಷ್ಟೇ ಹೂ ಬಿಡುತ್ತದೆ; ಆ ಕಟ್ಟು ಮೀರಿದ ಹೆಬ್ಬಾಳ ಅವರೆ ತಳಿಗಳು ಬಂದದ್ದು ಅಲ್ಲಿಂದಲೇ.

ಇದೇ ಅವರೆ ಆಸ್ಟ್ರೇಲಿಯಾದಲ್ಲಿ ಹುಲ್ಲುಗಾವಲಿನ ಬೆಳೆ. ಕೆನ್ಯಾ ಮೂಲದ ರೊಂಗಾಯ್ ತಳಿ ಅಲ್ಲಿ ಬಿಡುಗಡೆಯಾದದ್ದು 1962ರಲ್ಲಿ. ಅಲ್ಲಿನ ದನ ಹೊಲದಲ್ಲೇ ಮೇದು, ಹೊಲದಲ್ಲೇ ಸಗಣಿ ಹಾಕುತ್ತದೆ. ನಮ್ಮಲ್ಲಿ ಅವರೆ ರಾಗಿಯ ಅಕ್ಕಡಿ ಸಾಲು. ಕಾಯಿ ಮನೆಗೆ, ಬಳ್ಳಿ ಕೊಟ್ಟಿಗೆಗೆ, ಕೊಟ್ಟಿಗೆ ಗೊಬ್ಬರ ಮತ್ತೆ ಹೊಲಕ್ಕೆ.

ಈ ಕೊನೆಯ ಹೆಜ್ಜೆಯೇ ಮುಖ್ಯ. ಕಾಯಿ ತುಂಬುವಾಗ ಸಾರಜನಕದ ದೊಡ್ಡ ಪಾಲು ಕಾಳಿಗೆ ಹೋಗುತ್ತದೆ. ಕಾಯಿ ಮಾರಿ, ಬಳ್ಳಿಯನ್ನೂ ಸಾಗಿಸಿ, ಗೊಬ್ಬರ ಹಿಂದಿರುಗಿಸದಿದ್ದರೆ ಹೊಲಕ್ಕೆ ಉಳಿಯುವುದು ಅಲ್ಪ. ದ್ವಿದಳ ಬಿತ್ತಿದ ಮಾತ್ರಕ್ಕೆ ಮಣ್ಣು ಫಲವತ್ತಾಯಿತೆಂಬ ನಂಬಿಕೆ ಅರ್ಧ ಸತ್ಯ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುತ್ತ ಊರಾಚೆ ತುಂಡು ಜಮೀನು ಮಾಡಿಕೊಂಡವರು ಈಗ ಕಡಿಮೆಯೇನಲ್ಲ. ಅವರು ಈ ಸಲ ಅವರೆಯನ್ನೋ ಹುರುಳಿಯನ್ನೋ ಬಿತ್ತಲಿ. ಗೊಬ್ಬರದ ಅಂಗಡಿಗೆ ಹೋಗುವ ಮುನ್ನ, ಹೂ ಬಿಟ್ಟ ವಾರ ಒಂದು ಗಿಡ ಅಗೆದು, ಗಂಟು ಸೀಳಿ ನೋಡಲಿ.