‘ಕ್ರೆಡಿಟ್’ ಮತ್ತು ಶ್ರದ್ಧೆ

ಶಂಕರಘಟ್ಟದ ಜ್ಞಾನಸಹ್ಯಾದ್ರಿಯಲ್ಲಿ, 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯದ ವಾಣಿಜ್ಯ ವಿದ್ಯಾರ್ಥಿಯು ‘ಕ್ರೆಡಿಟ್’ ಎಂಬ ಶಬ್ದವನ್ನು ಖಾತೆಯ ಬಲಮಗ್ಗುಲಲ್ಲಿ ಬರೆಯುತ್ತಾನೆ. ತಾನು ಮುಗಿಸಿದ ಪಾಠಗಳನ್ನೂ ಕ್ರೆಡಿಟ್‌ಗಳಲ್ಲಿಯೇ ಎಣಿಸುತ್ತಾನೆ. ಬಸ್ಸು ಹತ್ತಿ ಭದ್ರಾವತಿಗೆ ಬಂದರೆ ಕಿರಾಣಿ ಅಂಗಡಿಯಲ್ಲಿ ಅದಕ್ಕೆ ‘ಉದ್ರಿ’ ಎಂದು ಹೆಸರು. ಈ ಶಬ್ದದ ಮೂಲವನ್ನು ವಿಚಾರಿಸುವವರು ವಿರಳ.

ಹದಿನಾರನೆಯ ಶತಮಾನದಲ್ಲಿ ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಅದಕ್ಕೆ ಮೊದಲೇ ಇಟಲಿಯ ವರ್ತಕರಲ್ಲಿ ಬಳಕೆಯಲ್ಲಿತ್ತು. ಅವರ ಜೋಡಿ ನಮೂದಿನ ಲೆಕ್ಕಪದ್ಧತಿಯನ್ನು ವಿವರಿಸುವ ಗ್ರಂಥವನ್ನು ಲೂಕಾ ಪಾಚೋಲಿಯು 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚು ಹಾಕಿಸಿದನು. ಆತನು ಬಡತನದ ವ್ರತ ತೊಟ್ಟ ಫ್ರಾನ್ಸಿಸ್ಕನ್ ಸನ್ಯಾಸಿ ಎಂಬುದು ಸ್ವಾರಸ್ಯಕರ! ಲ್ಯಾಟಿನ್ನಿನಲ್ಲಿ ‘ಕ್ರೆಡೆರೆ’ ಎಂದರೆ ನಂಬುವುದು. ‘ಕ್ರೆಡಿತುಂ’ ಎಂದರೆ ನಂಬಿ ಒಪ್ಪಿಸಿದ್ದು, ಸಾಲ.

ಲ್ಯಾಟಿನ್ನಿನ ‘ಕೆಂತುಂ’ ಸಂಸ್ಕೃತದಲ್ಲಿ ‘ಶತ’ವಾಗಿರುವಂತೆ, ಅಲ್ಲಿಯ ಕಕಾರಕ್ಕೆ ಇಲ್ಲಿ ಅನೇಕ ಕಡೆ ಶಕಾರವಿದೆ. ಹಾಗೆಯೇ ‘ಕ್ರೆಡೆರೆ’ಗೆ ಸರಿಹೊಂದುವ ಶಬ್ದ ‘ಶ್ರದ್ಧಾ’ ಎಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಅದರ ಉತ್ತರಾರ್ಧವಾದ ‘ಧಾ’ ಧಾತುವಿಗೆ ಇಡುವುದೆಂದು ಅರ್ಥ. ಕನ್ನಡಿಗರೂ ನಂಬಿಕೆಯನ್ನು ‘ಇಡುತ್ತಾರೆ’. ತತ್ತ್ವಾರ್ಥಸೂತ್ರವು ಸಮ್ಯಗ್ದರ್ಶನದ ಲಕ್ಷಣವನ್ನು ಹೇಳಲು ಆಯ್ದುಕೊಂಡದ್ದೂ ಇದೇ ಶಬ್ದಕುಲದ ‘ಶ್ರದ್ಧಾನ’ವನ್ನು. ಬಸದಿಯ ಶ್ರದ್ಧೆಯೂ ಅಂಗಡಿಯ ಉದ್ರಿಯೂ ಬೇರೆ ಬೇರೆ ಎನ್ನುವ ವರ್ತಕನಿಗೆ ಶಬ್ದದ ಇತಿಹಾಸವು ಅನುಕೂಲವಾಗಿಲ್ಲ.

ಆಗಮಜ್ಞರೂ ಅವನಿಗೆ ಅನುಕೂಲವಾಗಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ‘ನ್ಯಾಸಾಪಹಾರ’ವೂ ಒಂದು. ನ್ಯಾಸವೆಂದರೆ ನಂಬಿ ಇಟ್ಟ ಒತ್ತೆ. ಲ್ಯಾಟಿನ್ನಿನ ‘ಕ್ರೆಡಿತುಂ’ಗೆ ಇದಕ್ಕಿಂತ ಸಮೀಪದ ಶಬ್ದ ದೊರೆಯಲಾರದು. ಅಪಹಾರವೆಂದೊಡನೆ ಕಳ್ಳತನವೇ ನೆನಪಿಗೆ ಬರುತ್ತದೆ. ಆದರೆ ಕನ್ನಡನಾಡಿನ ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಬಲು ಸೂಕ್ಷ್ಮ. ಐನೂರು ನಾಣ್ಯ ಇಟ್ಟವನು ಸಂಖ್ಯೆಯನ್ನು ಮರೆತು ನಾಲ್ಕು ನೂರು ಕೇಳುತ್ತಾನೆಂದು ಭಾವಿಸೋಣ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿದರೆ ಅದೇ ನ್ಯಾಸಾಪಹಾರ. ಅವನು ಸುಳ್ಳು ಪತ್ರ ಬರೆದಿಲ್ಲ, ಬೀಗ ಮುರಿದಿಲ್ಲ, ಕೇಳಿದ್ದನ್ನು ಕೊಟ್ಟೂ ಇದ್ದಾನೆ. ಅದು ಇಟ್ಟವನ ಮರೆವು ತಂದ ಲಾಭವೆಂದು ಅವನು ಸಮಾಧಾನಪಟ್ಟುಕೊಳ್ಳಬಹುದು. ಆಚಾರ್ಯರು ಆ ಸಮಾಧಾನಕ್ಕೆ ಎಡೆಗೊಡುವುದಿಲ್ಲ.

ಧರ್ಮಾರ್ಥ ಟ್ರಸ್ಟುಗಳಿಗೆ ‘ನ್ಯಾಸ’ ಎಂದೇ ಹೆಸರಿಡುವುದುಂಟು. ದಾನಿಯು ತೀರಿಕೊಂಡ ಮೇಲೆ ಅವನ ಮಕ್ಕಳು ಬಂದು, ತಂದೆಯವರು ನಿತ್ಯಾಭಿಷೇಕಕ್ಕೆಂದು ಇಟ್ಟ ನಿಧಿಯನ್ನು ಕಡಿಮೆಯಾಗಿ ನೆನೆದು ವಿಚಾರಿಸಿದಾಗ, ಹಳೆಯ ಜಮಾಪುಸ್ತಕವನ್ನು ತೆಗೆದು ಪೂರ್ಣ ಮೊತ್ತವನ್ನು ಓದಿ ಹೇಳಬೇಕಾದವನು ಕೋಶಾಧಿಕಾರಿಯೇ.