ಸ್ಥಳದ ಅಡಚಣೆ

ವಾಣಿಜ್ಯದ ಮೊದಲ ಪಾಠವೇ ಇದು: ವ್ಯಾಪಾರಕ್ಕೆ ಸ್ಥಳದ ಅಡಚಣೆಯುಂಟು, ಅದನ್ನು ನೀಗುವುದೇ ಸಾರಿಗೆ. ಊರಿನ ಕನ್ನಡ ಶಾಲೆಯಿಂದ ಬಂದ ನನಗೆ ಈ ಮಾತು ಅರ್ಥವಾದದ್ದು ದೆಹಲಿಯಲ್ಲಿ, ಭಗೀರಥ ಪ್ಯಾಲೇಸಿನ ದೀಪದಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮಾಮನಿಂದ.

2020ರ ಆರಂಭದಲ್ಲಿ ಕೊರೋನಾದಿಂದ ಭಾರತ–ಚೀನಾ ನೇರ ವಿಮಾನಗಳು ನಿಂತವು. ಜೂನ್ 15ರಂದು ಗಲ್ವಾನಿನಲ್ಲಿ ನಮ್ಮ 20 ಯೋಧರು ಮಡಿದರು. ಐದು ವರ್ಷ ವಿಮಾನ ಏಳಲೇ ಇಲ್ಲ. 2023ರಲ್ಲಿ ಚೀನಾ ಬಾಗಿಲು ತೆರೆದ ಮೇಲೂ ಅಂಗಡಿ ಸಾಹುಕಾರರು ಬ್ಯಾಂಕಾಕ್, ಹಾಂಗ್‌ಕಾಂಗ್ ಸುತ್ತಿಯೇ ಗುವಾಂಗ್‌ಝೌ ಸೇರಬೇಕು. ಮಾಲು ನಿಂತಿತೇ? ನೋಡಿ, 2021ರಲ್ಲೇ ಉಭಯ ದೇಶಗಳ ವ್ಯಾಪಾರ ಮೊದಲ ಸಲ 10,000 ಕೋಟಿ ಡಾಲರ್ ದಾಟಿತ್ತು! ಹಡಗಿಗಿಲ್ಲದ ಮುನಿಸು ವಿಮಾನಕ್ಕೆ.

2025ರ ಅಕ್ಟೋಬರ್ 26ರಂದು ಕೋಲ್ಕತ್ತದಿಂದ, ನವೆಂಬರ್ 10ರಂದು ದೆಹಲಿಯಿಂದ ಇಂಡಿಗೋ ಮತ್ತೆ ಗುವಾಂಗ್‌ಝೌಗೆ ಹಾರಿತು. "ಸುತ್ತಾಟದ ಖರ್ಚು ಉಳೀತು ಕಣೋ" ಅಂತ ಮಾಮ ಖುಷಿಪಟ್ಟರು. ಅತ್ತೆಯ ತಮ್ಮ ಲಡಾಖಿನಲ್ಲಿ ಕಾವಲಿದ್ದವನು. "ಹೋದೋರ ಮನೆ ಲೆಕ್ಕ ಯಾರು ಬರೀತಾರೆ?" ಅಂದರು ಅತ್ತೆ.

ನನ್ನ ಮಟ್ಟಿಗೆ ವಿಮಾನ ಹಾರಲಿ. ಮಾಲೇನೋ ಕಾಗದದ ಮೇಲೇ ಬರುತ್ತೆ. ರಾಜಿಗೆ ಮಾತ್ರ ಎದುರು ಕೂರಬೇಕು. ಅತ್ತೆಯ ಪ್ರಶ್ನೆಗೆ ನಮ್ಮ ಖಾತೆ ಪುಸ್ತಕದಲ್ಲಿ ಕಾಲಂ ಇಲ್ಲ, ನಿಜ. ಹಾಗಂತ ಅಲ್ಲಿ ಸೊನ್ನೆ ಬರೆಯಬಾರದು.