ನೇತ್ರಾಣಿಯ ಹವಳದ ತೋಟ



ಹವಳ ಎಂದರೆ ನಿಮಗೆ ನೆನಪಾಗುವುದು ಅಜ್ಜಿಯ ಕೊರಳಿನ ಕೆಂಪು ಮಣಿಯ ಸರ. ನಿಮ್ಮ ಮರಾಠಿ ಗೆಳತಿಯರು ಅದನ್ನೇ ‘ಪೋವಳೆ’ ಎನ್ನುತ್ತಾರೆ. ಒಡವೆಯ ಹವಳದ ಜಾತಿ ಬೇರೆ. ಅದರ ಬಂಧುಗಳಾಗಿ, ಸಮುದ್ರದ ತಳದಲ್ಲಿ ಸುಣ್ಣದ ಗೂಡು ಕಟ್ಟಿ ಬದುಕುವ ಹವಳಗಳ ವಿಷಯ ಇಲ್ಲಿ ಹೇಳುತ್ತೇನೆ. ಅವನ್ನು ನೋಡಲು ಆಸ್ಟ್ರೇಲಿಯಾಕ್ಕೆ ಹೋಗಬೇಕಾಗಿಲ್ಲ. ನಮ್ಮ ಉತ್ತರ ಕನ್ನಡದಲ್ಲೇ ಇವೆ.

ನಾಸಿಕ್ ರೋಡಿನಲ್ಲಿ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಹತ್ತಿ ಕಾರವಾರದಲ್ಲಿ ಇಳಿಯಿರಿ. ಅಲ್ಲಿಂದ ಭಟ್ಕಳದ ಕಡೆಗೆ ಹೋದರೆ ದಾರಿಯಲ್ಲೇ ಮುರುಡೇಶ್ವರ. ಶಿವನ ದೊಡ್ಡ ಮೂರ್ತಿ ಮತ್ತು ರಾಜಗೋಪುರ ನೋಡಿ ಹೆಚ್ಚಿನವರು ಹಿಂತಿರುಗಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ದೋಣಿಗಳು ಹೋಗುತ್ತವೆ. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ನಮ್ಮ ಕರಾವಳಿಯ ನದಿಗಳು ಮಳೆಗಾಲದಲ್ಲಿ ಕೆಸರು ತಂದು ಸುರಿಯುವುದರಿಂದ ದಡದ ಬಳಿ ಹವಳಕ್ಕೆ ಬೇಕಾದ ಬೆಳಕು ಸಿಗುವುದಿಲ್ಲ. ನೇತ್ರಾಣಿ ದೂರವಿರುವುದರಿಂದ ಅಲ್ಲಿ ನೀರು ತಿಳಿ. ಈಜು ಬಾರದ ನಾನು ದೋಣಿಯಲ್ಲೇ ಕುಳಿತಿದ್ದೆ. ಆದರೂ ಬಗ್ಗಿ ನೋಡಿದರೆ ಬಂಡೆಗಳ ನಡುವೆ ಮೀನುಗಳು ಓಡಾಡುವುದು ಕಾಣುತ್ತಿತ್ತು.

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಅದೊಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸಿಸುತ್ತದೆ. ಈ ಬಾಡಿಗೆದಾರ ಬಿಸಿಲಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಕೊಡುತ್ತಾನೆ. ಹವಳಕ್ಕೆ ಬಣ್ಣ ಬರುವುದೂ ಹೆಚ್ಚಾಗಿ ಅವನಿಂದಲೇ. ಬೇಸಿಗೆಯ ಅತಿ ಹೆಚ್ಚಿನ ಉಷ್ಣತೆಗಿಂತ ನೀರು ಒಂದೇ ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಳಿಚಿದ್ದು ಸತ್ತಿತೆಂದಲ್ಲ, ಉಪವಾಸ ಬಿದ್ದಿದೆ ಎಂದರ್ಥ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ. ಇಲ್ಲವಾದರೆ ಸಾಯುತ್ತದೆ. ಸಾಮಾನ್ಯವಾಗಿ ಕೊಂಬೆಯಂತೆ ಬೆಳೆಯುವ ಹವಳಗಳು ಮೊದಲು ಹೋಗುತ್ತವೆ, ಗುಂಡಗೆ ದಪ್ಪಗಿರುವವು ಹೆಚ್ಚು ತಾಳುತ್ತವೆ. ಸತ್ತ ಹವಳದ ಮೇಲೆ ಬೇರೆ ಪಾಚಿ ಹಬ್ಬುತ್ತದೆ. ಗಿಳಿಮೀನುಗಳು ಅದನ್ನು ಮೇಯ್ದು ಜಾಗ ಚೊಕ್ಕ ಮಾಡಿದರೆ ಮಾತ್ರ ಹವಳದ ಮರಿಗಳು ಅಂಟಿಕೊಂಡು ಬೆಳೆಯಬಲ್ಲವು. ಆದ್ದರಿಂದ ಗಿಳಿಮೀನನ್ನು ಮಿತಿಮೀರಿ ಹಿಡಿದರೆ ಹವಳಕ್ಕೂ ಏಟು.

ನೀವು ಹತ್ತುವ ರೈಲಿನ ಹೆಸರಿನಲ್ಲಿರುವ ಲಕ್ಷದ್ವೀಪದಲ್ಲಿ ಇದು ಮತ್ತೆ ಮತ್ತೆ ನಡೆದಿದೆ. 1998, 2010 ಮತ್ತು 2016ರಲ್ಲಿ ಅಲ್ಲಿನ ಹವಳಗಳು ಬಿಳಿಚಿದವು. 2024ರಲ್ಲಿ ಪುನಃ ಹಾಗಾಯಿತು. ಅಗತ್ತಿ, ಕಡಮತ್ ಮತ್ತು ಕವರತ್ತಿ ದ್ವೀಪಗಳಲ್ಲಿ 1998ರಿಂದ 2022ರವರೆಗೆ ಅಧ್ಯಯನ ಮಾಡಿದ ವಿಜ್ಞಾನಿಗಳು ಜೀವಂತ ಹವಳ ಸುಮಾರು ಅರ್ಧಕ್ಕಿಳಿದಿರುವುದನ್ನು ಕಂಡರು. ಒಂದು ಏಟು ಬಿದ್ದ ಮೇಲೆ ಸುಮಾರು ಆರು ವರ್ಷ ನೆಮ್ಮದಿ ಸಿಕ್ಕರೆ ಚೇತರಿಕೆ ಚುರುಕಾಗುತ್ತದೆಂದೂ ಅವರು ಗಮನಿಸಿದ್ದಾರೆ. ಏಟುಗಳ ನಡುವೆ ಆ ಬಿಡುವೇ ಸಿಗದಿರುವುದು ಇಂದಿನ ಕಷ್ಟ.

ಕಡಲಿನ ಬಿಸಿಯನ್ನು ನಾವು ನೀವು ನಾಳೆಯೇ ಇಳಿಸಲಾರೆವು. ಆದರೆ ಉಳಿದ ಏಟುಗಳನ್ನು ತಪ್ಪಿಸಬಹುದು. ನೇತ್ರಾಣಿಯನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದುಂಟು. ಪರಿಸರವಾದಿಗಳು ಅದನ್ನು ವಿರೋಧಿಸಿದರು. ದೇವಳಾಲಿಯಲ್ಲಿ ತೋಪಿನ ಸದ್ದು ಕೇಳುತ್ತಲೇ ಬೆಳೆದ ನಿಮಗೆ ಸೈನ್ಯಕ್ಕೆ ಅಭ್ಯಾಸ ಬೇಕೆಂಬುದು ತಿಳಿದಿದೆ. ಹಾಗೆಂದು ಎಲ್ಲ ಜಾಗವೂ ಅದಕ್ಕೆ ತಕ್ಕುದಲ್ಲ. ಹವಳದ ಮೇಲೆ ಬೀಳುವ ಲಂಗರು, ಎಸೆದ ಪ್ಲಾಸ್ಟಿಕ್ಕು, ಹರಿದ ಬಲೆ ಇವೂ ಏಟುಗಳೇ.

ಈ ಚಳಿಗಾಲದ ರಜೆಯಲ್ಲಿ ಊರಿಗೆ ಹೋದಾಗ ಅಪ್ಪ ಅಮ್ಮನನ್ನು ಕೇಳಿ, ನೇತ್ರಾಣಿಗೆ ಹೋಗಿಬನ್ನಿ. ನೀರಿಗಿಳಿದರೆ ಹವಳವನ್ನು ಮುಟ್ಟಬೇಡಿ, ತುಳಿಯಬೇಡಿ, ನೆನಪಿಗೆಂದು ಒಂದು ಚೂರನ್ನೂ ತರಬೇಡಿ. ಲಂಗರು ಎಲ್ಲಿ ಇಳಿಸುತ್ತೀರಿ ಎಂದು ದೋಣಿಯವರನ್ನು ವಿನಯದಿಂದ ಕೇಳಿ. ಬಂದ ಮೇಲೆ ಕಂಡದ್ದನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದು ನಮ್ಮ ಈ ಪತ್ರಿಕೆಗೆ ಕಳಿಸಿ.